ಅಂಗಸಾಧನೆಯ ಉಡುಗೊರೆ

ಮದುವೆ, ಗೃಹಪ್ರವೇಶ, ಷಷ್ಟ್ಯಬ್ದಪೂರ್ತಿ, ಯುಗಾದಿ, ದೀಪಾವಳಿ ಮುಂತಾದ ಸಂದರ್ಭಗಳಲ್ಲಿ ಬಂಧುಮಿತ್ರರಿಗೆ ಏನನ್ನಾದರೂ ಪ್ರೀತಿಯಿಂದ ಕೊಡುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಕೊಡತಕ್ಕ ವಸ್ತುಗಳು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಒಂದು ಕಾಲಕ್ಕೆ ಬೆಳ್ಳಿಯ ಕುಂಕುಮದ ಭರಣಿ, ಹಿತ್ತಾಳೆಯ ದೀಪದ ಕಂಬ. ಅನಂತರ ಗೋಡೆಯ ಗಡಿಯಾರ, ಸ್ಟೀಲಿನ ಪಾತ್ರೆ. ಈಚಿನ ವರ್ಷಗಳಲ್ಲಿ ಈ ಸಾಲಿಗೆ ಅಂಗಸಾಧನೆಯ ಉಪಕರಣಗಳೂ ಬಂದು ಸೇರಿವೆ. ತಂದೆತಾಯಿಗಳ ಆರೋಗ್ಯವನ್ನು ಬಯಸುವ ಮಕ್ಕಳು, ಹೆಂಡತಿಯ ಬೆನ್ನುನೋವನ್ನು ಕಂಡು ಮರುಗುವ ಗಂಡ, ತಮ್ಮನ ಬೊಜ್ಜನ್ನು ನೋಡಿ ನಗುವ ಅಕ್ಕ, ಎಲ್ಲರೂ ಇಂಥ ವಸ್ತುಗಳನ್ನು ಕೊಂಡು ಕಳುಹಿಸುತ್ತಿದ್ದಾರೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಆಯ್ಕೆ ಒಳ್ಳೆಯದಾಗುವುದಿಲ್ಲ.

ಪಂಚೆಯನ್ನು ಕೊಟ್ಟರೆ ಪಡೆದವರು ಉಟ್ಟರೆ ಸಾಕು. ದೀಪವನ್ನು ಕೊಟ್ಟರೆ ಹಚ್ಚಿದರೆ ಸಾಕು. ಅಂಗಸಾಧನೆಯ ಉಪಕರಣವಾದರೋ ಪಡೆದವರಿಂದ ದಿನದಿನವೂ ಕೆಲಸವನ್ನು ಬೇಡುವ ಉಡುಗೊರೆ. ಅದನ್ನು ಉಪಯೋಗಿಸದೆ ಬಿಟ್ಟರೆ ಸುಮ್ಮನೆ ಮೂಲೆಯಲ್ಲಿ ಕುಳಿತಿರುವುದಿಲ್ಲ. ನೋಡಿದಾಗಲೆಲ್ಲ 'ನೀನು ನನ್ನನ್ನು ಮುಟ್ಟಲಿಲ್ಲ' ಎಂದು ಚುಚ್ಚುತ್ತಿರುತ್ತದೆ. ಆದಕಾರಣ ಇದನ್ನು ಆರಿಸುವಾಗ ಬೇರೆ ಉಡುಗೊರೆಗಳಿಗಿಂತ ಹೆಚ್ಚಿನ ವಿವೇಕ ಬೇಕು.

ಈ ಮಾತನ್ನು ನಮ್ಮ ಮನೆಯ ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ತಂದೆಯವರಿಗೆ ಎಪ್ಪತ್ತು ತುಂಬಿ ಭೀಮರಥ ಶಾಂತಿ ನಡೆದಾಗ ಮಕ್ಕಳಾದ ನಾವು ಮೂವರೂ ಹಣ ಕೂಡಿಸಿ, ನಿಂತಲ್ಲೇ ತುಳಿಯುವ ಸೈಕಲ್ಲೊಂದನ್ನು ತಂದು ನಡುಮನೆಯಲ್ಲಿ ಇಟ್ಟೆವು. ಅದರಲ್ಲಿ ವೇಗವನ್ನು ತೋರಿಸುವ ಗಾಜಿನ ಫಲಕವಿತ್ತು. ನಾಡಿಯ ಬಡಿತವನ್ನು ಎಣಿಸುವ ಹಿಡಿಕೆಯಿತ್ತು. ಬಂದ ನೆಂಟರೆಲ್ಲರೂ ಹೊಗಳಿದರು. ತಂದೆಯವರು ಒಂದು ತಿಂಗಳು ತುಳಿದರು. ನಮ್ಮ ಮನಸ್ಸನ್ನು ನೋಯಿಸಬಾರದೆಂದು ತುಳಿದರೆಂದು ನನಗೆ ಈಗ ತೋರುತ್ತದೆ. ಆಸನವು ಎತ್ತರವಾಗಿತ್ತು, ಕಾಲನ್ನು ಎತ್ತಿ ಆಚೆಗೆ ಹಾಕುವುದೇ ಅವರಿಗೆ ಒಂದು ಸಾಹಸವಾಗಿತ್ತು. ಮೂರನೆಯ ತಿಂಗಳಿಗೆ ಅದರ ಹಿಡಿಕೆಯ ಮೇಲೆ ಒದ್ದೆ ಟವಲು ಕಾಣಿಸಿಕೊಂಡಿತು. "ಹೋಗಲಿ ಬಿಡು ಮಗೂ, ಮಳೆಗಾಲದಲ್ಲಿ ಬಟ್ಟೆ ಹರವೋದಕ್ಕೆ ಅನುಕೂಲವಾಯಿತು" ಎಂದು ತಾಯಿಯವರು ನನ್ನನ್ನು ಸಮಾಧಾನಪಡಿಸಿದರು.

ಅದಾದ ಮರುವರ್ಷ ತಂದೆಯವರು ಬಚ್ಚಲುಮನೆಯ ಹೊಸ್ತಿಲಲ್ಲಿ ಬಿದ್ದು ಮುಂಗೈ ಮೂಳೆಯನ್ನು ಮುರಿದುಕೊಂಡರು. ಮೂಳೆ ಕೂಡಿದ ಮೇಲೆ ವೈದ್ಯರು ಅವರನ್ನು ಒಂದು ಸಾಧಾರಣ ಕುರ್ಚಿಯ ಮೇಲೆ ಕೂರಿಸಿ, "ಕೈ ಊರದೆ ಎದ್ದು ನಿಲ್ಲಿ, ನೋಡೋಣ" ಎಂದರು. ತಂದೆಯವರು ಎರಡು ಸಾರಿ ಪ್ರಯತ್ನಿಸಿದರು, ಏಳಲಾಗಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ನಿಂತು ಪಾಠ ಹೇಳಿದ ಅವರು ನಾಚಿಕೆಯಿಂದ ನಕ್ಕ ಆ ನಗು ನನಗೆ ಇನ್ನೂ ಮರೆತಿಲ್ಲ. ನಾವು ಸಾವಿರಾರು ರೂಪಾಯಿ ಸುರಿದು ಅವರಿಗೆ ಬೇಡದ ಸಾಧನೆಯನ್ನು ಕೊಟ್ಟಿದ್ದೆವು. ಅವರಿಗೆ ಬೇಕಾಗಿದ್ದ ಸಾಧನೆಗೆ ತಕ್ಕ ಉಪಕರಣವು ನಮ್ಮ ಊಟದ ಮನೆಯಲ್ಲಿ ಮೊದಲಿನಿಂದಲೂ ನಾಲ್ಕು ಕಾಲೂರಿ ನಿಂತಿತ್ತು.

ಹಿಂದಿನವರ ಸಾಧನೆ

ನಮ್ಮ ನಾಡಿನಲ್ಲಿ ಅಂಗಸಾಧನೆಯು ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಆಹಾರ, ಅಭ್ಯಾಸಗಳನ್ನು ಕುರಿತ ಭಾಗವೇ ಉಂಟು. ಭಾರವನ್ನೆತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು, ಇವನ್ನೆಲ್ಲ ಅಲ್ಲಿ ಹೇಳಿದೆ. ನಮ್ಮ ಊರುಗಳ ಗರಡಿಮನೆಗಳಲ್ಲಿ ಇದ್ದ ಸಾಮಗ್ರಿಯಾದರೂ ಎಷ್ಟು? ಕೆಮ್ಮಣ್ಣಿನ ಅಖಾಡ, ಎತ್ತುವ ಕಲ್ಲುಗುಂಡು, ತಿರುಗಿಸುವ ಮರದ ಮುದ್ಗರ. ಉಳಿದುದೆಲ್ಲ ದಂಡ ಮತ್ತು ಬಸ್ಕಿ. ಅವುಗಳಿಗೆ ಸ್ವಂತ ಶರೀರವೇ ಉಪಕರಣ.

ಈ ಮುದ್ಗರದ ಕಥೆ ಸ್ವಾರಸ್ಯವಾದುದು. 19ನೆಯ ಶತಮಾನದ ಆರಂಭದಲ್ಲಿ ಇಲ್ಲಿದ್ದ ಇಂಗ್ಲಿಷ್ ಸೈನ್ಯದವರು ಇದನ್ನು ಕಲಿತು ತಮ್ಮ ದೇಶಕ್ಕೆ ಕೊಂಡೊಯ್ದರು. ಅಲ್ಲಿ ಇದಕ್ಕೆ 'ಇಂಡಿಯನ್ ಕ್ಲಬ್' ಎಂಬ ಹೆಸರು ಬಂದಿತು. ಹೆಂಗಸರೂ ಮಕ್ಕಳೂ ಹಗುರವಾದ ಮರದ ಜೋಡಿಗಳನ್ನು ತಿರುಗಿಸತೊಡಗಿದರು. 1904 ಮತ್ತು 1932ರ ಒಲಿಂಪಿಕ್ ಕ್ರೀಡೆಗಳಲ್ಲಿ ಇದರ ಪಂದ್ಯವೂ ನಡೆಯಿತು. ಅತ್ತ ಹೋದಂತೆಯೇ ಇತ್ತಲೂ ಬಂದುದುಂಟು. ಯೂಜೆನ್ ಸ್ಯಾಂಡೋ ಎಂಬ ಜಗಜಟ್ಟಿಯು 1904–05ರಲ್ಲಿ ಇಂಡಿಯಾದಲ್ಲಿ ಸಂಚರಿಸಿ ತನ್ನ ಸಾಮರ್ಥ್ಯವನ್ನು ಪ್ರದರ್ಶಿಸಿದನು. ಹಿಡಿಯೊಳಗೆ ಸ್ಪ್ರಿಂಗುಗಳುಳ್ಳ ಡಂಬೆಲ್ಲುಗಳನ್ನು ಮನೆಮನೆಗೆ ಮಾರಿದವನು ಆತನೇ. ಆ ಡಂಬೆಲ್ಲುಗಳನ್ನು ಈಗ ಕಂಡವರಿಲ್ಲ. ನಮ್ಮ ಗಂಡಸರು ತೊಡುವ ತೋಳಿಲ್ಲದ ಬನಿಯನ್ನಿಗೆ ಮಾತ್ರ ಆತನ ಹೆಸರು ಅಂಟಿಕೊಂಡು ಉಳಿದಿದೆ.

ಬೆಂಗಳೂರಿನಲ್ಲಿ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರು ಪಾಶ್ಚಾತ್ಯರ ಭಾರದ ಸಾಧನೆಯನ್ನೂ ನಮ್ಮ ಯೋಗಾಸನ, ಸೂರ್ಯನಮಸ್ಕಾರಗಳನ್ನೂ ಕೂಡಿಸಿ ತರುಣರಿಗೆ ಕಲಿಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೆಂದು ಅವರನ್ನು ಬಲ್ಲ ಕನ್ನಡಿಗರಲ್ಲಿ ಹಲವರಿಗೆ, ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆಯು ದೇಶದಲ್ಲೆಲ್ಲ ಹೆಸರಾಗಿತ್ತೆಂಬುದು ತಿಳಿಯದು. ಅಂಚೆಯ ಮೂಲಕವೂ ಅವರು ಅಂಗಸಾಧನೆಯನ್ನು ಕಲಿಸುತ್ತಿದ್ದರು. ಮನೆಯಲ್ಲಿಯೇ ಇದ್ದು, ಸ್ವಲ್ಪ ಸಾಮಗ್ರಿಯಿಂದ, ಸರಿಯಾದ ಮಾರ್ಗದರ್ಶನದೊಡನೆ ಶರೀರವನ್ನು ತಿದ್ದಿಕೊಳ್ಳಬಹುದೆಂಬ ನಂಬಿಕೆಯೇ ಅದರ ತಳಹದಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುರ್ಚಿ, ಮರದ ಇಟ್ಟಿಗೆ, ಬಟ್ಟೆಯ ಪಟ್ಟಿ, ಗೋಡೆಯ ಹಗ್ಗ ಇವುಗಳ ಆಸರೆಯಿಂದ, ಬಗ್ಗಲಾರದ ಮುದುಕರೂ ರೋಗಿಗಳೂ ಆಸನಗಳನ್ನು ಮಾಡುವಂತೆ ಏರ್ಪಡಿಸಿದರು. ಉಪಕರಣಕ್ಕೆ ಮನುಷ್ಯನನ್ನು ಹೊಂದಿಸುವ ಬದಲು ಮನುಷ್ಯನಿಗೆ ಉಪಕರಣವನ್ನು ಹೊಂದಿಸಿದ ಈ ದೃಷ್ಟಿಯೇ ಉಡುಗೊರೆ ಕೊಡುವವರಿಗೂ ಇರಬೇಕಾದುದು.

ಹಿಂದಿನ ಮನೆಗಳಲ್ಲಿ ಅಂಗಸಾಧನೆಯೆಂದು ಬೇರೆ ಹೆಸರಿಲ್ಲದೆಯೇ ಅದು ನಡೆಯುತ್ತಿದ್ದಿತು. ಬೀಸುವ ಕಲ್ಲು ತೋಳಿಗೆ, ಒನಕೆ ಭುಜಕ್ಕೆ, ಸೇದುವ ಬಾವಿ ಬೆನ್ನಿಗೆ, ನೆಲದ ಮೇಲಿನ ಊಟ ಮಂಡಿಗೆ. ಈಗ ಕಲ್ಲಿನ ಸ್ಥಾನದಲ್ಲಿ ಮಿಕ್ಸಿ ಬಂದಿದೆ. ಬಾವಿಯ ಸ್ಥಾನದಲ್ಲಿ ನಲ್ಲಿ ಬಂದಿದೆ. ಮಣೆಯ ಸ್ಥಾನದಲ್ಲಿ ಮೇಜು ಬಂದಿದೆ. ಆ ಶ್ರಮದಿಂದ ಹೆಂಗಸರಿಗೆ ಬಿಡುಗಡೆಯಾದುದು ಒಳ್ಳೆಯದೇ. ಅದು ಮತ್ತೆ ಬರಬೇಕೆಂದು ಯಾರೂ ಬಯಸಲಾಗದು. ಆದರೆ ಶರೀರಕ್ಕೆ ಅದರ ಪಾಲಿನ ಕೆಲಸವನ್ನು ಬೇರೆ ದಾರಿಯಿಂದ ಕೊಡಲೇಬೇಕಾಗಿದೆ. 2024ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಪ್ರಕಾರ, 2022ರಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೇಹಶ್ರಮವಿರಲಿಲ್ಲ. ಹೆಂಗಸರಲ್ಲಿ ಈ ಪ್ರಮಾಣ ನೂರಕ್ಕೆ 57, ಗಂಡಸರಲ್ಲಿ 42. ಸಕ್ಕರೆಕಾಯಿಲೆಯವರ ಸಂಖ್ಯೆಯು ದೇಶದಲ್ಲಿ 10 ಕೋಟಿಯನ್ನು ಮುಟ್ಟಿದೆಯೆಂದು 2023ರಲ್ಲಿ ಮತ್ತೊಂದು ದೊಡ್ಡ ಸಮೀಕ್ಷೆಯಿಂದ ತಿಳಿಯಿತು. ಆದುದರಿಂದ ಅಂಗಸಾಧನೆಯ ಉಡುಗೊರೆಯೆಂಬುದು ಕೇವಲ ಷೋಕಿಯ ವಿಷಯವಲ್ಲ.

ಮೂರು ಬಗೆಯ ಸಾಧನೆ

ಏನನ್ನು ಕೊಳ್ಳಬೇಕೆಂಬುದಕ್ಕೆ ಮೊದಲು ಶರೀರಕ್ಕೆ ಏನು ಬೇಕೆಂಬುದನ್ನು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸಲಹೆಯು ಸರಳವಾಗಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಉಸಿರು ತುಸು ಹೆಚ್ಚುವಷ್ಟು ನಡೆದಾಡಬೇಕು, ಇಲ್ಲವೆ ಅದಕ್ಕೆ ಸಮನಾದ ಕೆಲಸ ಮಾಡಬೇಕು. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವಂಥ ಸಾಧನೆ ಮಾಡಬೇಕು. 65 ವರ್ಷ ದಾಟಿದವರು ಇವುಗಳ ಜೊತೆಗೆ ವಾರಕ್ಕೆ ಮೂರು ದಿನ, ಬೀಳದೆ ನಿಲ್ಲುವ ಸಮತೋಲದ ಸಾಧನೆಯನ್ನೂ ಮಾಡಬೇಕು. ಎಂದರೆ ಉಸಿರು, ಬಲ, ಸಮತೋಲ ಎಂದು ಸಾಧನೆ ಮೂರು ಬಗೆಯಾಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಜನರು ಉಡುಗೊರೆಯಾಗಿ ಕೊಳ್ಳುವ ದೊಡ್ಡ ಯಂತ್ರಗಳೆಲ್ಲ ಬಹುಮಟ್ಟಿಗೆ ಮೊದಲನೆಯ ಬಗೆಗೆ ಸೇರಿದವು. ಆದರೆ ಮೊದಲನೆಯ ಬಗೆಯ ಸಾಧನೆಗೆ ಬೀದಿಯೂ ಮೆಟ್ಟಿಲೂ ಸಾಲುತ್ತವೆ. ಲಂಡನ್ನಿನ ಬಸ್ಸುಗಳಲ್ಲಿ ಕುಳಿತು ಓಡಿಸುವ ಚಾಲಕರಿಗಿಂತ, ದಿನವಿಡೀ ಮೇಲಂತಸ್ತಿಗೆ ಹತ್ತಿ ಇಳಿದು ಟಿಕೆಟ್ಟು ಕೊಡುತ್ತಿದ್ದ ನಿರ್ವಾಹಕರಿಗೆ ಹೃದ್ರೋಗ ಕಡಮೆಯೆಂದು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ತೋರಿಸಿದರು. ಆ ನಿರ್ವಾಹಕರು ಯಾವ ಯಂತ್ರವನ್ನೂ ಕೊಂಡಿರಲಿಲ್ಲ. ಬಲ ಮತ್ತು ಸಮತೋಲದ ಸಾಧನೆಗಳಿಗೆ ಬೇಕಾದ ಉಪಕರಣಗಳಾದರೋ ಬೆಲೆಯಲ್ಲಿ ಅಗ್ಗ, ಗಾತ್ರದಲ್ಲಿ ಚಿಕ್ಕವು. ಅವನ್ನೇ ನಾವು ಮರೆಯುತ್ತೇವೆ. ನೋಟಕ್ಕೆ ಅವು ಉಡುಗೊರೆಯಂತೆ ಕಾಣುವುದಿಲ್ಲವೆಂಬುದೇ ಇದಕ್ಕೆ ಕಾರಣವಿರಬೇಕು.

ಹಿರಿಯರಿಗೆ

ನಡುವಯಸ್ಸಿನಿಂದಲೇ ಸ್ನಾಯುಗಳು ಮೆಲ್ಲಮೆಲ್ಲನೆ ಕರಗತೊಡಗುತ್ತವೆ. ಅರವತ್ತರ ಅನಂತರ ಇನ್ನೂ ಬೇಗ. ತೊಡೆಯ ಬಲವು ಕುಂದಿದಂತೆ ಕುರ್ಚಿಯಿಂದ ಏಳುವುದು ಕಷ್ಟವಾಗುತ್ತದೆ. ಎಡವಿದಾಗ ಸಾವರಿಸಿಕೊಳ್ಳುವುದು ಸಾಧ್ಯವಾಗುವುದಿಲ್ಲ. 65 ದಾಟಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರು ಪ್ರತಿವರ್ಷವೂ ಒಮ್ಮೆಯಾದರೂ ಬೀಳುತ್ತಾರೆ. 'ವಯಸ್ಸಾಯಿತು, ಇನ್ನೇನು ಮಾಡುವುದು' ಎಂದು ಕೈಚೆಲ್ಲಬೇಕಾಗಿಲ್ಲ. ಸಮತೋಲ ಮತ್ತು ಬಲದ ಸಾಧನೆಗಳಿಂದ ಬೀಳುವುದು ಸುಮಾರು ಕಾಲುಭಾಗದಷ್ಟು ಕಡಮೆಯಾಗುತ್ತದೆಂದು ಬಹುಜನರ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ 2019ರಲ್ಲಿ ತಿಳಿಸಿದ್ದಾರೆ. 1990ರಲ್ಲಿ ಅಮೆರಿಕದ ವೈದ್ಯರು ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲುಗಳ ಭಾರದ ಸಾಧನೆ ಮಾಡಿಸಿದರು. ಅವರ ಕಾಲಿನ ಬಲವು ಸರಾಸರಿಯಲ್ಲಿ ನೂರಕ್ಕೆ 174ರಷ್ಟು ಹೆಚ್ಚಿತು. ತೊಂಬತ್ತಕ್ಕೇ ತಡವಾಗಿಲ್ಲವೆಂದ ಮೇಲೆ ಎಪ್ಪತ್ತಕ್ಕೆ ತಡವೆಲ್ಲಿಯದು?

ಹಿರಿಯರಿಗೆ ಕೊಡತಕ್ಕ ಉಡುಗೊರೆಗಳಲ್ಲಿ ನಾನು ಮೊದಲನೆಯ ಸ್ಥಾನವನ್ನು ಒಳ್ಳೆಯ ಕುರ್ಚಿಗೆ ಕೊಡುತ್ತೇನೆ. ಕೈಯಿರುವ, ಅಲುಗಾಡದ, ಗಾಲಿಯಿಲ್ಲದ, ಕುಳಿತಾಗ ಪಾದಗಳೆರಡೂ ನೆಲವನ್ನು ಪೂರ್ತಿ ಮುಟ್ಟುವ ಮರದ ಕುರ್ಚಿಯಾಗಬೇಕು. ಅದನ್ನು ಗೋಡೆಗೆ ಒತ್ತಿಟ್ಟು, ಮೊದಲು ಕೈಯೂರಿ, ಅನಂತರ ಒಂದು ಕೈ ಮಾತ್ರ ಊರಿ, ಕಡೆಗೆ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಧಾನವಾಗಿ ಎದ್ದು ನಿಧಾನವಾಗಿ ಕೂರುವುದೇ ಸಾಧನೆ. ನಮ್ಮ ಬಸ್ಕಿಯೇ ಮುಪ್ಪಿಗೆ ತಕ್ಕ ರೂಪವನ್ನು ತಾಳಿದೆಯೆನ್ನಬಹುದು. ಅಡಿಗೆಮನೆಯ ಕಟ್ಟೆಯನ್ನು ಹಿಡಿದು ಹಿಮ್ಮಡಿಗಳನ್ನೆತ್ತಿ ಇಳಿಸುವುದು, ಒಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು, ಇವು ಅದರ ಜೊತೆಗಾರರು.

ಎರಡನೆಯದು ರಬ್ಬರಿನ ಪಟ್ಟಿ. ಅಂಗಡಿಗಳಲ್ಲಿ ಇದನ್ನು ರೆಸಿಸ್ಟೆನ್ಸ್ ಬ್ಯಾಂಡ್ ಎನ್ನುತ್ತಾರೆ. ಕುಳಿತೇ ಎಳೆಯಬಹುದು, ಕಾಲಿನ ಮೇಲೆ ಬಿದ್ದರೂ ಗಾಯವಾಗುವುದಿಲ್ಲ, ಮಡಿಸಿದರೆ ಕರವಸ್ತ್ರದಷ್ಟು. ಬಿಗಿಯ ಅಂತರವನ್ನು ಬಣ್ಣಗಳಿಂದ ಗುರುತಿಸುವುದುಂಟು. ಆದರೆ ಒಬ್ಬ ತಯಾರಕರ ಹಳದಿಯು ಇನ್ನೊಬ್ಬರ ಹಳದಿಯಂತಿರುವುದಿಲ್ಲವಾದ್ದರಿಂದ ಕೈಯಿಂದ ಎಳೆದು ನೋಡಿಯೇ ಕೊಳ್ಳಬೇಕು. ಹಿರಿಯರಿಗೆ ಎಲ್ಲಕ್ಕಿಂತ ಮೆತ್ತನೆಯದು ಒಂದು, ಅದರ ಮುಂದಿನದು ಒಂದು ಸಾಕು. ಬಿಸಿಲು, ಎಣ್ಣೆ ತಗುಲಿದರೆ ರಬ್ಬರು ಬಿರಿಯುತ್ತದೆ. ಬಿರುಕು ಕಂಡ ಪಟ್ಟಿಯನ್ನು ಎಳೆಯಬಾರದು, ಮುಖಕ್ಕೆ ಹೊಡೆಯಬಹುದು. ರಬ್ಬರು ಮೈಗೆ ಆಗದವರಿಗೆ ಲೇಟೆಕ್ಸ್ ಇಲ್ಲದ ಪಟ್ಟಿಗಳೂ ದೊರೆಯುತ್ತವೆ.

ಮೂರನೆಯದಾಗಿ, ಉಪಕರಣವೆಂದು ಯಾರೂ ಎಣಿಸದ ಒಂದು ಜೊತೆ ಒಳ್ಳೆಯ ಪಾದರಕ್ಷೆ ಮತ್ತು ಬಚ್ಚಲುಮನೆಯ ಗೋಡೆಗೆ ಬಿಗಿಯುವ ಹಿಡಿಕೆ. ಸಕ್ಕರೆಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ, ಒತ್ತದ, ಬೆರಳುಗಳಿಗೆ ಎಡೆಯಿರುವ ಪಾದರಕ್ಷೆಯೇ ಎಲ್ಲ ಯಂತ್ರಗಳಿಗಿಂತ ದೊಡ್ಡ ಉಪಕಾರ. ಅವರು ನಡೆದು ಬಂದ ಮೇಲೆ ದಿನವೂ ಪಾದವನ್ನು ನೋಡಿಕೊಳ್ಳಬೇಕು.

ಹಿರಿಯರಿಗೆ ಹೆಜ್ಜೆ ಎಣಿಸುವ ಗಡಿಯಾರವನ್ನು ಕೊಡುವವರಿದ್ದಾರೆ. ಕೊಡಬಹುದು, ಆದರೆ ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ಹಟವನ್ನು ಅದರ ಜೊತೆಗೆ ಕೊಡಬಾರದು. ಆ ಸಂಖ್ಯೆಯು ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದುದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬರ್ಥದ ಹೆಸರನ್ನಿಟ್ಟರು. ಅಲ್ಲಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಅಮೆರಿಕದ ವೃದ್ಧ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಿಗೇ 2,700 ಹೆಜ್ಜೆ ನಡೆದವರಿಗಿಂತ ಸಾವಿನ ಪ್ರಮಾಣ ಕಡಮೆಯಾಗಿತ್ತು; 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಗೃಹಿಣಿಯರಿಗೆ

"ದಿನವೆಲ್ಲ ಮನೆಗೆಲಸ ಮಾಡುತ್ತಾಳೆ, ಅವಳಿಗೆ ಬೇರೆ ವ್ಯಾಯಾಮವೇಕೆ?" ಎಂದು ಕೇಳುವ ಗಂಡಸರುಂಟು. ಮನೆಗೆಲಸದಲ್ಲಿ ಶ್ರಮವಿದೆ, ನಿಜ. ಆದರೆ ಶ್ರಮವೆಲ್ಲವೂ ಸಾಧನೆಯಲ್ಲ. ಒಲೆಯ ಮುಂದೆ ಗಂಟೆಗಟ್ಟಲೆ ನಿಂತರೆ ಕಾಲು ನೋಯುತ್ತದೆ, ಬಲವಾಗುವುದಿಲ್ಲ. ಕುತ್ತಿಗೆಯನ್ನು ಬಗ್ಗಿಸಿಕೊಂಡೇ ಮಾಡುವ ಕೆಲಸಗಳಿಂದ ಬೆನ್ನು ಬಳಲುತ್ತದೆ, ನೆಟ್ಟಗಾಗುವುದಿಲ್ಲ. ಹೆಂಗಸರ ಮೂಳೆಗಳು ಮುಟ್ಟು ನಿಂತ ಮೇಲೆ ಬೇಗಬೇಗನೆ ಸವೆಯುವುದರಿಂದ, ಮೂಳೆಯ ಮೇಲೆ ಮಿತವಾದ ಭಾರವನ್ನು ಹಾಕುವ ಸಾಧನೆಯು ಅವರಿಗೆ ಗಂಡಸರಿಗಿಂತಲೂ ಅವಶ್ಯಕ.

ಅವರಿಗೆ ಒಂದು ಜೊತೆ ಡಂಬೆಲ್ ಒಳ್ಳೆಯ ಉಡುಗೊರೆ. ಒಂದು ಕಿಲೋದಿಂದ ಪ್ರಾರಂಭಿಸಿ, ಹತ್ತು ಹನ್ನೆರಡು ಸಾರಿ ಎತ್ತುವುದು ಸುಲಭವಾದಾಗ ಎರಡಕ್ಕೆ, ಅನಂತರ ಮೂರಕ್ಕೆ ಏರಬಹುದು. 'ಭಾರವೆತ್ತಿದರೆ ಗಂಡಸರಂತೆ ತೋಳು ಉಬ್ಬುತ್ತದೆ' ಎಂಬುದು ಸುಳ್ಳು ಭಯ. ಹಾಗೆ ಉಬ್ಬಿಸಿಕೊಳ್ಳಲು ಗಂಡಸರೇ ವರ್ಷಗಟ್ಟಲೆ ಹೆಣಗಬೇಕಾಗಿದೆ. ಜಾರದ, ದಪ್ಪನಾದ ಯೋಗದ ಚಾಪೆಯೊಂದು ಇದರ ಜೊತೆಗಿರಲಿ. ಜಮಖಾನದ ಮೇಲೆ ಆಸನ ಮಾಡಿದರೆ ನುಣುಪು ನೆಲದಲ್ಲಿ ಅದು ಜಾರುತ್ತದೆ. ಏನೂ ಕೊಳ್ಳದೆಯೂ ಸಾಧನೆ ಸಾಧ್ಯವೆಂಬುದಕ್ಕೆ ಸೂರ್ಯನಮಸ್ಕಾರವೇ ಸಾಕ್ಷಿ. ಔಂಧ ಸಂಸ್ಥಾನದ ರಾಜರು 1920ರ ದಶಕದಲ್ಲಿ ಇದನ್ನು ಹೆಂಗಸರು, ಮಕ್ಕಳೆನ್ನದೆ ಎಲ್ಲರಲ್ಲಿಯೂ ಬಳಕೆಗೆ ತರಲು ಶ್ರಮಿಸಿದರು. ಬಾಣಂತಿಯರು ಮಾತ್ರ ವೈದ್ಯರನ್ನು ಕೇಳದೆ ಭಾರದ ಸಾಧನೆಗಾಗಲಿ, ಹೊಟ್ಟೆಯ ಸಾಧನೆಗಾಗಲಿ ಕೈಹಾಕಬಾರದು.

ಆದರೆ ಗೃಹಿಣಿಗೆ ಕೊಡಬೇಕಾದ ಮುಖ್ಯ ವಸ್ತು ಅಂಗಡಿಯಲ್ಲಿಲ್ಲ. ಅದು ಬೆಳಗಿನ ಅರ್ಧ ಗಂಟೆ. ಡಂಬೆಲ್ಲನ್ನು ತಂದುಕೊಟ್ಟ ಗಂಡನು ಅದೇ ಹೊತ್ತಿಗೆ "ಕಾಫಿ ಆಯಿತೇನೇ?" ಎಂದು ಕೂಗಿದರೆ, ಕೊಟ್ಟ ಕೈಯಿಂದಲೇ ಕಿತ್ತುಕೊಂಡಂತಾಯಿತು. ಆ ಅರ್ಧ ಗಂಟೆ ಒಲೆಯ ಹೊಣೆಯನ್ನು ತಾನು ಹೊರುವುದಾಗಿ ಮಾತು ಕೊಟ್ಟು ನಡೆಸಿದರೆ ಅದೇ ಪೂರ್ಣವಾದ ಉಡುಗೊರೆ. ಮೇಲೆ ಹೇಳಿದ 57 ಮತ್ತು 42ರ ಅಂತರಕ್ಕೆ ಉಪಕರಣದ ಅಭಾವಕ್ಕಿಂತ ಬಿಡುವಿನ ಅಭಾವವೇ ಹೆಚ್ಚಿನ ಕಾರಣವೆಂದು ನಮ್ಮ ಮನೆಗಳನ್ನು ಬಲ್ಲ ಯಾರಿಗಾದರೂ ತೋರದೆ ಇರದು.

ಮಕ್ಕಳಿಗೆ

ಮಕ್ಕಳಿಗೆ ಅಂಗಸಾಧನೆಯೆಂದರೆ ಆಟ. ಸ್ಕಿಪ್ಪಿಂಗ್ ಹಗ್ಗ, ಚೆಂಡು, ಶಟಲ್ ಬ್ಯಾಟು, ಇವುಗಳಿಗಿಂತ ಹೆಚ್ಚಿನದು ಬೇಕಿಲ್ಲ. ಹಗ್ಗದ ನಡುವೆ ಕಾಲಿಟ್ಟು ಮೇಲಕ್ಕೆಳೆದಾಗ ಹಿಡಿಗಳು ಕಂಕುಳಿನವರೆಗೆ ಬಂದರೆ ಅಳತೆ ಸರಿಯೆಂದು ತಿಳಿಯಬೇಕು. ಮಗುವಿಗೆ ಹಗ್ಗ ಕೊಟ್ಟು ತಾವು ಮೊಬೈಲ್ ಹಿಡಿದು ಕೂರುವ ತಂದೆತಾಯಿಗಳು, ಮಗುವು ಹಗ್ಗವನ್ನು ಬಿಟ್ಟು ಮೊಬೈಲನ್ನು ಕೇಳಿದಾಗ ಆಶ್ಚರ್ಯಪಡಬಾರದು.

ದೊಡ್ಡ ಯಂತ್ರಗಳು

ದೊಡ್ಡ ಯಂತ್ರಗಳನ್ನು ಸುಮ್ಮನೆ ಜರೆಯುವುದು ನನ್ನ ಉದ್ದೇಶವಲ್ಲ. ಮಳೆ, ವಾಹನಗಳ ಹೊಗೆ, ಬೀದಿನಾಯಿ, ರಾತ್ರಿಯ ಪಾಳಿ, ಇವುಗಳಿಂದ ಹೊರಗೆ ನಡೆಯಲಾಗದವರಿಗೆ ಟ್ರೆಡ್‌ಮಿಲ್ ಎಂಬ ನಡಿಗೆಯ ಯಂತ್ರವು ನಿಜವಾಗಿಯೂ ಉಪಯುಕ್ತ. ಆದರೆ ಅದರ ಪೂರ್ವಚರಿತ್ರೆಯನ್ನು ಕೇಳಿದರೆ ನಗು ಬರುತ್ತದೆ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಇಂಜಿನಿಯರು ಸೆರೆಮನೆಯ ಕೈದಿಗಳಿಗಾಗಿ ಮೆಟ್ಟಿಲುಗಳುಳ್ಳ ದೊಡ್ಡ ಚಕ್ರವೊಂದನ್ನು ರೂಪಿಸಿದನು. ಕೈದಿಗಳು ಗಂಟೆಗಟ್ಟಲೆ ಅದನ್ನು ತುಳಿಯಬೇಕಾಗಿತ್ತು; ಕೆಲವೆಡೆ ಅದರಿಂದ ಧಾನ್ಯ ಬೀಸುತ್ತಿದ್ದರು, ಹಲವೆಡೆ ಅದು ಬರಿಯ ಶಿಕ್ಷೆ. ಕ್ರೂರವೆಂದು 20ನೆಯ ಶತಮಾನದ ಆರಂಭದ ವೇಳೆಗೆ ಅದನ್ನು ನಿಲ್ಲಿಸಿದರು. ಮನಸ್ಸಿಲ್ಲದವರ ಮೇಲೆ ಹೇರಿದರೆ ಇಂದಿನ ಯಂತ್ರವೂ ಅದೇ ಚಕ್ರವಾಗುತ್ತದೆ.

ಆದುದರಿಂದ ದೊಡ್ಡ ಯಂತ್ರವನ್ನು ಎಂದಿಗೂ ಅಚ್ಚರಿಯ ಉಡುಗೊರೆಯಾಗಿ ತರಬಾರದು. ಪಡೆಯುವವರನ್ನು ಅಂಗಡಿಗೆ ಕರೆದೊಯ್ದು, ಹತ್ತು ನಿಮಿಷವಾದರೂ ನಡೆಸಿ, ತುಳಿಸಿ ನೋಡಬೇಕು. ಅದಕ್ಕೂ ಮೊದಲು ಮೂರು ತಿಂಗಳು ಅವರು ಬೀದಿಯಲ್ಲಿ ನಡೆಯುವ ಅಭ್ಯಾಸವನ್ನು ಬಿಡದೆ ನಡೆಸಿದರೇ ಎಂದು ನೋಡಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಸ್ಥಳವನ್ನು ಅಳೆಯುವಾಗ ಯಂತ್ರದ ಉದ್ದವನ್ನಷ್ಟೇ ಅಳೆದರೆ ಸಾಲದು. ಜಾರಿ ಬಿದ್ದರೆ ಗೋಡೆಗೆ ಬಡಿಯದಂತೆ ಹಿಂದುಗಡೆ ಆರು ಅಡಿಯಷ್ಟು ತೆರವಿರಬೇಕು. ಮೋಟಾರಿನ ವಿಷಯದಲ್ಲಿ, ಅರೆಕ್ಷಣ ತೋರುವ ಗರಿಷ್ಠ ಶಕ್ತಿ ಬೇರೆ, ಎಡೆಬಿಡದೆ ಕೊಡಬಲ್ಲ ಶಕ್ತಿ ಬೇರೆ. ಅಂಗಡಿಯವರು ಮೊದಲನೆಯದನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಎರಡನೆಯದನ್ನು ಕೇಳಿ ತಿಳಿಯಬೇಕು. ಎಷ್ಟು ತೂಕದವರನ್ನು ಹೊರಬಲ್ಲದು, ಕೆಟ್ಟರೆ ನಮ್ಮ ಊರಿಗೆ ಬಂದು ರಿಪೇರಿ ಮಾಡುವವರಿದ್ದಾರೆಯೆ, ಇವೂ ಮುಖ್ಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಓಡುವ ಪಟ್ಟಿಗೆ ಕೈಯಿಟ್ಟು ಬೆರಳು ಸುಲಿದುಕೊಂಡ ಮಕ್ಕಳು ಬಹಳ. ಕೆಲಸ ಮುಗಿದೊಡನೆ ಯಂತ್ರದ ಬೀಗದ ಚೀಲಿಯನ್ನು ತೆಗೆದು ಮೇಲಿಡಬೇಕು.

ಸೈಕಲ್ಲಾದರೆ, ಮಂಡಿನೋವಿನವರಿಗೂ ವಯಸ್ಸಾದವರಿಗೂ ತಗ್ಗಾದ, ಒರಗುವ ಬೆನ್ನುಳ್ಳ, ಕಾಲನ್ನು ಎತ್ತಿ ದಾಟಿಸದೆ ಕೂರಬಲ್ಲ ಬಗೆಯೇ ಆಗಬೇಕು. ಇದನ್ನು ನಾವು ಅಂದು ತಿಳಿದಿರಲಿಲ್ಲ. ಮೈಯನ್ನು ತಾನೇ ಅಲುಗಿಸಿ ಕೊಬ್ಬನ್ನು ಕರಗಿಸುವುದಾಗಿ ಸಾರುವ ನಡುಪಟ್ಟಿಗಳಿಗೂ, ಬೆವರು ಸುರಿಸುವ ಉಡುಪುಗಳಿಗೂ ಹಣ ಹಾಕಬಾರದು. ಇಳಿಯುವುದು ನೀರಿನ ತೂಕ. ಒಂದು ಚೊಂಬು ನೀರು ಕುಡಿದರೆ ಮತ್ತೆ ಬರುತ್ತದೆ. ಕುಂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ಶರೀರಕ್ಕೂ ಸಲ್ಲುತ್ತದೆ.

ಉಪಕರಣದೊಡನೆ ಕೊಡತಕ್ಕದ್ದು

ರಕ್ತದೊತ್ತಡ, ಹೃದ್ರೋಗ, ಕೀಲುನೋವು, ಮೂಳೆಸವೆತ ಇರುವವರಿಗೆ ಕೊಡುವ ಮೊದಲು ಅವರ ವೈದ್ಯರನ್ನು ಒಂದು ಮಾತು ಕೇಳಬೇಕು. ಭಾರವೆತ್ತುವಾಗ ಉಸಿರನ್ನು ಬಿಗಿಹಿಡಿದರೆ ರಕ್ತದೊತ್ತಡ ತಟ್ಟನೆ ಏರುತ್ತದೆ. ಎತ್ತುವಾಗ ಉಸಿರು ಬಿಡುವುದು, ಇಳಿಸುವಾಗ ತೆಗೆದುಕೊಳ್ಳುವುದು ಎಂಬುದನ್ನು ಮೊದಲ ದಿನವೇ ಕಲಿಸಬೇಕು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಕೂಡಲೆ ನಿಲ್ಲಿಸಬೇಕು. ಇಷ್ಟನ್ನು ದಪ್ಪಕ್ಷರದಲ್ಲಿ ಒಂದು ಕಾಗದದ ಮೇಲೆ ಬರೆದು, ಯಾವ ದಿನ ಯಾವ ಸಾಧನೆ, ಎಷ್ಟು ಸಾರಿ ಎಂಬುದನ್ನೂ ಸೇರಿಸಿ ಗೋಡೆಗೆ ಅಂಟಿಸಿದರೆ ಇಂಗ್ಲಿಷಿನ ಕೈಪಿಡಿಗಿಂತ ಹತ್ತುಪಾಲು ಉಪಯೋಗ. ಸಮೀಪದಲ್ಲಿ ಬಲ್ಲ ಅಂಗಸಾಧನೆಯ ಚಿಕಿತ್ಸಕರಿದ್ದರೆ, ಯಂತ್ರಕ್ಕೆ ಹಾಕುವ ಹಣದಲ್ಲಿ ಸ್ವಲ್ಪವನ್ನು ಉಳಿಸಿ ಅವರಿಂದ ನಾಲ್ಕು ದಿನ ಪಾಠ ಹೇಳಿಸುವುದು ಎಲ್ಲಕ್ಕಿಂತ ಮೇಲು.

ಇನ್ನೊಂದು ಸೂಕ್ಷ್ಮವೂ ಉಂಟು. ಅಂಗಸಾಧನೆಯ ಉಡುಗೊರೆಯಲ್ಲಿ 'ನೀನು ದಪ್ಪಗಿದ್ದೀಯೆ', 'ನೀನು ಮುದುಕನಾದೆ' ಎಂಬ ಮಾತು ಅಡಗಿರಬಹುದು. ಹೊಸದಾಗಿ ಬಂದ ಸೊಸೆಗೆ ಅತ್ತೆಯೂ, ನಾದಿನಿಗೆ ಅತ್ತಿಗೆಯೂ ಕೇಳದೆ ಇಂಥದನ್ನು ಕೊಡದಿರುವುದೇ ಮೇಲು. ಪಡೆಯುವವರೇ ಒಮ್ಮೆ ಬಯಸಿ ಆಡಿದ ಮಾತನ್ನು ನೆನಪಿಟ್ಟು ಕೊಟ್ಟರೆ ಅದು ಪ್ರೀತಿ. ತಾನೇ ಕುಂದನ್ನು ಕಂಡುಹಿಡಿದು ಕೊಟ್ಟರೆ ಅದು ಟೀಕೆ.

ನಮ್ಮ ತಂದೆಯವರ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಕೈ ಗುಣವಾದ ಮೇಲೆ ಊಟದ ಮನೆಯ ಆ ಹಳೆಯ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟೆವು. ಮೊದಲ ವಾರ ಕೈಯೂರಿ ಮೂರು ಸಾರಿ. ತಿಂಗಳಿಗೆ ಐದು ಸಾರಿ. ಮಳೆಗಾಲ ಮುಗಿಯುವ ವೇಳೆಗೆ ಕೈಗಳನ್ನು ಎದೆಗೆ ಕಟ್ಟಿಕೊಂಡು ಹತ್ತು ಸಾರಿ ಎದ್ದು ಕೂತರು. ಅವರು ಎದ್ದಾಗಲೆಲ್ಲ ತಾಯಿಯವರು ಎಣಿಸುತ್ತಿದ್ದರು. ಎಣಿಸುತ್ತ ಎಣಿಸುತ್ತ ಪಕ್ಕದ ಕುರ್ಚಿಯಲ್ಲಿ ತಾವೂ ಪ್ರಾರಂಭಿಸಿದರು. ಸಂಜೆ ಆರು ಗಂಟೆಗೆ ನಾನು ಊರಿನಿಂದ ಫೋನು ಮಾಡಿ "ಇವತ್ತು ಎಷ್ಟಾಯಿತು ಅಣ್ಣ?" ಎಂದು ಕೇಳುವುದು ಒಂದು ಪದ್ಧತಿಯಾಯಿತು. (ತಂದೆಯವರನ್ನು ನಾವು ಅಣ್ಣನೆಂದೇ ಕರೆಯುವುದು.) ಒಂದು ದಿನ ಫೋನು ಮಾಡುವುದನ್ನು ನಾನು ಮರೆತೆನು. ಮರುದಿನ ಅವರು, "ನಿನ್ನೆ ನೀನು ಕೇಳಲಿಲ್ಲವಲ್ಲಯ್ಯಾ, ಅದಕ್ಕೇ ನಾನೂ ಮಾಡಲಿಲ್ಲ" ಎಂದರು. ಉಡುಗೊರೆ ಯಾವುದೆಂಬುದು ನನಗೆ ಅಂದು ಅರ್ಥವಾಯಿತು.

ಆ ಸೈಕಲ್ಲನ್ನು ಎದುರುಮನೆಯ ಹುಡುಗನಿಗೆ ಕೊಟ್ಟೆವು. ಅವನು ರಾತ್ರಿಯ ಪಾಳಿ ಮುಗಿಸಿ ಬಂದು ದಿನವೂ ತುಳಿಯುತ್ತಾನೆ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅದು ಸೇರಬೇಕಾದ ಮನೆಯನ್ನು ಸೇರಿರಲಿಲ್ಲ, ಅಷ್ಟೆ.